ಜಾಡಿಯಲ್ಲಿ ಹದ ತಪ್ಪಿದ ಸೊಪ್ಪು: ಮನೆಯಲ್ಲಿ ಒಣಗಿಸಿದ ಎಲೆ, ಹೂಗಳ ದೋಷ ಹುಡುಕುವುದು ಹೇಗೆ

ಪುದೀನ, ತುಳಸಿ, ಕಾಮಕಸ್ತೂರಿ, ಮರುಗ, ದೊಡ್ಡಪತ್ರೆ, ಕ್ಯಾಮೊಮೈಲ್ ಹೂ, ಗುಲಾಬಿ ಮೊಗ್ಗು. ಮನೆಯಲ್ಲೇ ಬೆಳೆದು, ಒಣಗಿಸಿ, ಜಾಡಿಗೆ ತುಂಬಿದ ಮೇಲೆ ಬರುವ ದೂರುಗಳು ಮುಖ್ಯವಾಗಿ ಎರಡು. ಒಂದೋ, ಸೊಪ್ಪು ಮುಟ್ಟಿದರೆ ಪುಡಿಯಾಗುತ್ತದೆ, ಘಮ ಇರುವುದಿಲ್ಲ. ಇಲ್ಲವೇ, ಮುಚ್ಚಳ ತೆಗೆದರೆ ಮುಗ್ಗು ವಾಸನೆ, ಒಳಗೆ ಬೂಷ್ಟು. ದೋಷ ಕಣ್ಣಿಗೆ ಬೀಳುವುದು ಜಾಡಿಯಲ್ಲಿ. ಆದರೆ ಅದು ಹುಟ್ಟಿದ್ದು ಒಣಗಿಸುವಾಗ, ಅದರಲ್ಲೂ ಹೆಚ್ಚಾಗಿ ಕೊನೆಯ ಹಂತದಲ್ಲಿ.

ಕೊನೆಯ ಹಂತವೇ ಯಾಕೆ ಅಂದರೆ, ಲೆಕ್ಕ ನೋಡಿ. 500 ಗ್ರಾಂ ಹಸಿ ಪುದೀನ ಎಲೆಯಲ್ಲಿ ಸುಮಾರು 85% ನೀರು ಇದೆ ಎಂದುಕೊಳ್ಳಿ. ನೀರು ಬಿಟ್ಟು ಉಳಿಯುವ ಒಣ ಭಾಗ 75 ಗ್ರಾಂ. ಒಳ್ಳೆಯ ಹದ ಎಂದರೆ 10% ತೇವ. ಆಗ ತೂಕ 83 ಗ್ರಾಂ. ತೇವ 15% ಇದ್ದರೆ ತೂಕ 88 ಗ್ರಾಂ, ಬೂಷ್ಟಿನ ಭಯ ಶುರು. 5%ಗೆ ಇಳಿದರೆ 79 ಗ್ರಾಂ, ಎಲೆ ಪುಡಿಪುಡಿ. ಅಂದರೆ 400 ಗ್ರಾಂಗಿಂತ ಜಾಸ್ತಿ ನೀರು ಹೋಗಬೇಕಾದ ಕೆಲಸದಲ್ಲಿ, ಬೂಷ್ಟಿಗೂ ಪುಡಿಗೂ ನಡುವಿನ ಅಂತರ ಬರೀ 9 ಗ್ರಾಂ. ಇದನ್ನು ಬೆರಳಿಂದ ಮುಟ್ಟಿ ಹೇಳುವುದು ಕಷ್ಟ. ಎಷ್ಟೇ ಅನುಭವ ಇದ್ದರೂ ಕಷ್ಟ. ಅದಕ್ಕೇ ಯಾವ ದೋಷ ಹುಡುಕಲು ಹೊರಟರೂ ಮೊದಲು ಒಂದು ಪರೀಕ್ಷೆ ಮಾಡಿ.

ಮೊದಲು ಮಾಡಬೇಕಾದ್ದು: ಮುಚ್ಚಿದ ಜಾಡಿ ಪರೀಕ್ಷೆ

ಒಂದು ಸಣ್ಣ ಡಿಜಿಟಲ್ ಹೈಗ್ರೋಮೀಟರ್ ಬೇಕು. ಗಾಳಿಯ ತೇವ ತೋರಿಸುವ ಮೀಟರ್ ಅದು. ಗಾಜಿನ ಜಾಡಿಗೆ ಮುಕ್ಕಾಲು ಭಾಗ ಸೊಪ್ಪು ತುಂಬಿ. ಅದುಮಬೇಡಿ. ಮೀಟರನ್ನು ಒಳಗಿಟ್ಟು, ಮುಚ್ಚಳ ಬಿಗಿ ಮಾಡಿ, ಬಿಸಿಲು ಬೀಳದ ಕಡೆ 24 ಗಂಟೆ ಬಿಡಿ. ಮುಚ್ಚಿದ ಜಾಡಿಯಲ್ಲಿ ಗಾಳಿ ತುಂಬ ಕಡಿಮೆ, ಸೊಪ್ಪು ಜಾಸ್ತಿ. ಹಾಗಾಗಿ ಒಳಗಿನ ಗಾಳಿಯ ತೇವವನ್ನು ನಿರ್ಧರಿಸುವುದು ಸೊಪ್ಪೇ. ಮೀಟರ್ ತೋರಿಸುವ ಅಂಕಿ ನಿಜವಾಗಿ ಸೊಪ್ಪಿನ ಹದದ ಅಂಕಿ.

ಇದು ಜಾಡಿಯ ಗಾಳಿಯ ತೇವದ ಶೇಕಡಾ ಅಂಕಿ, ಮೇಲೆ ಹೇಳಿದ ಸೊಪ್ಪಿನ 10%, 15% ಅಲ್ಲ. 45ರಿಂದ 58ರ ನಡುವೆ ಬಂದರೆ ಹದ ಚೆನ್ನಾಗಿದೆ. 60 ದಾಟಿದರೆ ಎಚ್ಚರ. 60ಕ್ಕಿಂತ ಕೆಳಗೆ ಬೂಷ್ಟೂ ಬ್ಯಾಕ್ಟೀರಿಯಾವೂ ಬೆಳೆಯುವುದಿಲ್ಲ. ಆಹಾರ ಕೆಡದಂತೆ ಇಡುವ ಕೆಲಸದಲ್ಲಿ ಎಲ್ಲರೂ ಒಪ್ಪುವ ಗಡಿ ಅದು. 70 ದಾಟಿದರೆ ಕಾಯಬೇಡಿ, ಆಗಲೇ ಜಾಡಿ ಖಾಲಿ ಮಾಡಿ ಹರಡಿ. 30ರಿಂದ 45 ಬಂದರೆ ಸ್ವಲ್ಪ ಜಾಸ್ತಿ ಒಣಗಿದೆ, ಆದರೆ ಕೆಡುವುದಿಲ್ಲ. 30ಕ್ಕಿಂತ ಕಡಿಮೆ ಅಂದರೆ ಅತಿಯಾಗಿ ಒಣಗಿದೆ.

ಒಂದೇ ಸಲ ಓದಿ ಬಿಡಬೇಡಿ. ಎರಡು ಗಂಟೆಯ ನಂತರ ಒಮ್ಮೆ, ಮರುದಿನ ಒಮ್ಮೆ ನೋಡಿ. ಅಂಕಿ ಎತ್ತ ಹೋಗುತ್ತಿದೆ ಅನ್ನುವುದರಲ್ಲೇ ದೋಷದ ಸುಳಿವು ಇರುತ್ತದೆ. ಮೊದಲು 52 ಇದ್ದದ್ದು ಮರುದಿನ 64 ಆದರೆ, ಎಲೆ ಒಣಗಿದೆ, ದಂಟು ಹಸಿಯಾಗಿದೆ. ಒಳಗಿನ ನೀರು ನಿಧಾನವಾಗಿ ಹೊರಬರುತ್ತಿದೆ. ಅಂಕಿ ಬೇಗನೆ ಏರಿ ಒಂದು ಕಡೆ ನಿಂತುಬಿಟ್ಟರೆ ಇಡೀ ಸೊಪ್ಪಿನಲ್ಲಿ ತೇವ ಸಮವಾಗಿದೆ ಎಂದು ಅರ್ಥ. ಅದು ಒಳ್ಳೆಯ ಲಕ್ಷಣ, ಅಂಕಿ ಎಷ್ಟೇ ಇರಲಿ. ಸಮ ಇರುವ ಸೊಪ್ಪನ್ನು ಸರಿಪಡಿಸುವುದು ಸುಲಭ.

ಮೀಟರನ್ನೇ ಪರೀಕ್ಷಿಸಿ

ಅಗ್ಗದ ಮೀಟರ್‌ಗಳು 3ರಿಂದ 5 ಅಂಕಿ ಆಚೀಚೆ ತೋರಿಸುವುದು ಮಾಮೂಲು. 57 ಅಂತ ತೋರಿಸುವ ಜಾಡಿ ನಿಜಕ್ಕೂ 62 ಇರಬಹುದು. ಇದಕ್ಕೆ ಅಡುಗೆ ಉಪ್ಪು ಸಾಕು. ಬಾಟಲಿ ಮುಚ್ಚಳದಲ್ಲಿ ಒಂದಿಷ್ಟು ಉಪ್ಪು ಹಾಕಿ, ಕೆಲವು ಹನಿ ನೀರು ಬೆರೆಸಿ. ಉಪ್ಪು ಒದ್ದೆ ಮರಳಿನ ಹಾಗೆ ಇರಬೇಕು, ಕರಗಿ ನೀರಾಗಬಾರದು. ಅದನ್ನೂ ಮೀಟರನ್ನೂ ಒಂದು ಜಾಡಿಯಲ್ಲಿಟ್ಟು ಬಿಗಿಯಾಗಿ ಮುಚ್ಚಿ. ಉಪ್ಪುನೀರು ಮೀಟರಿಗೆ ತಾಗದಿರಲಿ. ಒಂದು ರಾತ್ರಿ ಬಿಟ್ಟು ನೋಡಿ. ಮಾಮೂಲು ಕೋಣೆ ಬಿಸಿಯಲ್ಲಿ ಈ ಜಾಡಿಯ ಗಾಳಿ ಯಾವಾಗಲೂ 75%ಗೆ ನಿಲ್ಲುತ್ತದೆ. ನಿಮ್ಮ ಮೀಟರ್ 71 ತೋರಿಸಿದರೆ ಅದು 4 ಕಡಿಮೆ ಓದುತ್ತಿದೆ. ಮೀಟರಿನ ಬೆನ್ನ ಮೇಲೆ ‘+4’ ಅಂತ ಬರೆದಿಡಿ. ಈ ಒಂದು ಕೆಲಸ ಬಿಟ್ಟರೆ ಮುಂದಿನ ಯಾವ ಅಂಕಿಯನ್ನೂ ನಂಬುವ ಹಾಗಿಲ್ಲ.

ದೋಷ: ಹೊರಗೆ ಗರಿಗರಿ, ಜಾಡಿಗೆ ಹಾಕಿದರೆ ಮೆತ್ತಗೆ

ಎಲ್ಲಕ್ಕಿಂತ ಹೆಚ್ಚು ಜನಕ್ಕೆ ಎದುರಾಗುವುದು ಇದು. ಜಾಡಿಗೆ ಹಾಕುವಾಗ ಎಲೆ ಕೈಯಲ್ಲಿ ಸದ್ದು ಮಾಡುತ್ತಿತ್ತು. ಮರುದಿನ ನೋಡಿದರೆ ಬಾಗುತ್ತಿದೆ, ಮುರಿಯುತ್ತಿಲ್ಲ. ಹೊರಗಿನಿಂದ ತೇವ ಬಂದಿಲ್ಲ. ಒಳಗೇ ಇತ್ತು.

ಎಲೆ ತೆಳು, ಅದರ ನೀರು ಬೇಗ ಹೋಗುತ್ತದೆ. ದಂಟು, ಎಲೆಯ ನಡುನರ, ಹೂವಿನ ತೊಟ್ಟು ದಪ್ಪ. ಅವುಗಳ ಒಳಗಿನ ನೀರು ಮೇಲ್ಮೈಗೆ ಬರಲು ಸಮಯ ಬೇಕು. ಬಿಸಿ ಜಾಸ್ತಿ ಕೊಟ್ಟು ಅವಸರ ಮಾಡಿದರೆ ಮೇಲಿನ ಪದರ ಒಣಗಿ ಬಿಗಿಯಾಗುತ್ತದೆ. ಒಳಗಿನ ನೀರಿಗೆ ದಾರಿ ಸಿಗುವುದಿಲ್ಲ. ಮುಟ್ಟಿದ ಕೈಗೆ ಮಾತ್ರ ಎಲ್ಲ ಒಣಗಿದಂತೆ ಅನಿಸುತ್ತದೆ.

ಗಟ್ಟಿ ಮಾಡಿಕೊಳ್ಳಲು ದಂಟನ್ನು ಬಾಗಿಸಿ ನೋಡಿ. ಪಟ್ ಎಂದು ಮುರಿದರೆ ಒಣಗಿದೆ. ಬಾಗಿ ನಾರು ಬಿಟ್ಟುಕೊಂಡರೆ ಇಲ್ಲ. ಹೂವಾದರೆ ತೊಟ್ಟನ್ನು ಉಗುರಿನಿಂದ ಸೀಳಿ. ಕ್ಯಾಮೊಮೈಲ್‌ನ ಹಳದಿ ಗುಬ್ಬಿ, ಕ್ಯಾಲೆಂಡುಲಾದ ಹಸಿರು ಬುಡ, ಗುಲಾಬಿ ಮೊಗ್ಗಿನ ನಡುಭಾಗ ಇವು ಮೋಸ ಮಾಡುವ ಜಾಗಗಳು. ಎಸಳು ಕಾಗದದಂತೆ ಒಣಗಿದ್ದರೂ ಬುಡದಲ್ಲಿ ಇನ್ನೂ ಹಸಿ ಇರುತ್ತದೆ. ದೊಡ್ಡಪತ್ರೆಯಂಥ ರಸಭರಿತ ಎಲೆಯಲ್ಲಂತೂ ಎಲೆಯೇ ದಪ್ಪ. ಪುದೀನದ ಜೊತೆ ಒಂದೇ ತಟ್ಟೆಯಲ್ಲಿ ಹರಡಿದರೆ ಒಂದು ಪುಡಿಯಾಗುವ ಹೊತ್ತಿಗೆ ಇನ್ನೊಂದು ಅರ್ಧವೂ ಒಣಗಿರುವುದಿಲ್ಲ.

ಪರಿಹಾರಕ್ಕೆ ಮತ್ತೆ ಬಿಸಿ ಕೊಡಬೇಕಿಲ್ಲ. ಅಂಕಿ 60ರಿಂದ 70ರ ನಡುವೆ ಇದ್ದರೆ ಸೊಪ್ಪನ್ನು ಬಟ್ಟೆಯ ಮೇಲೆ ತೆಳ್ಳಗೆ ಹರಡಿ, ಎರಡು ಮೂರು ಗಂಟೆ ಬಿಡಿ. ಎಲೆ ಮತ್ತೆ ಗರಿಯಾಗುತ್ತದೆ. ಜಾಡಿಗೆ ಹಾಕಿ ಮುಚ್ಚಿ. ದಂಟಿನ ನೀರು ಮತ್ತೆ ಎಲೆಗೆ ಬರುತ್ತದೆ. ಮರುದಿನ ಮತ್ತೆ ಹರಡಿ. ಪ್ರತಿ ಸುತ್ತಿಗೂ ಅಂಕಿ ಇಳಿಯುತ್ತಾ ಬರುತ್ತದೆ. ಎರಡು ಅಥವಾ ಮೂರು ಸುತ್ತಿಗೆ ಸಾಮಾನ್ಯವಾಗಿ ದಾರಿಗೆ ಬರುತ್ತದೆ. ಮುಚ್ಚುವುದು, ತೆರೆಯುವುದು, ಮತ್ತೆ ಮುಚ್ಚುವುದು, ಇದನ್ನೇ ಹದಕ್ಕೆ ಬಿಡುವುದು ಅನ್ನುತ್ತೇನೆ. ಒಣಗಿಸುವುದಕ್ಕಿಂತ ಇದು ಮುಖ್ಯ ಅನ್ನುವುದು ನನ್ನ ಗಟ್ಟಿ ನಂಬಿಕೆ. ಅವಸರದಲ್ಲಿ ಬಿಟ್ಟುಬಿಡುವ ಕೆಲಸವೂ ಇದೇ.

ಮುಂದಿನ ಸಲಕ್ಕೆ ದಾರಿ ಸರಳ. ದಪ್ಪ ದಂಟಿನಿಂದ ಎಲೆ ಬಿಡಿಸಿಯೇ ಒಣಗಿಸಿ. ಅಥವಾ ಕಟ್ಟು ಕಟ್ಟಿ ತೂಗುಹಾಕುವುದಾದರೆ, ಒಣಗಿದ ಮೇಲೆ ದಂಟು ತೆಗೆದು ಎಲೆ ಮಾತ್ರ ಜಾಡಿಗೆ ಹಾಕಿ. ಕಟ್ಟು ತೆಳ್ಳಗಿರಲಿ, ದಾರ ಕಟ್ಟಿದ ಜಾಗದಲ್ಲಿ ಗಾಳಿ ಆಡುವಷ್ಟು. ಬೂಷ್ಟು ಮೊದಲು ಬರುವುದು ಆ ಗಂಟಿನ ಒಳಗೇ.

ದೋಷ: ಎಷ್ಟು ದಿನ ಬಿಟ್ಟರೂ ಒಣಗುತ್ತಿಲ್ಲ

ಸೊಪ್ಪನ್ನು ದಿನಾ ಒಂದೇ ಹೊತ್ತಿಗೆ ತೂಗಿ. ತೂಕ ಇಳಿಯುವುದು ನಿಂತಿದೆ, ಆದರೂ ಎಲೆ ಬಾಗುತ್ತಿದೆ ಅಂದರೆ ತಪ್ಪು ಸೊಪ್ಪಿನದಲ್ಲ, ಕೋಣೆಯ ಗಾಳಿಯದು. ಸೊಪ್ಪು ತನ್ನ ಸುತ್ತಲಿನ ಗಾಳಿಗಿಂತ ಹೆಚ್ಚು ಒಣಗಲಾರದು. ಮಳೆ ದಿನಗಳಲ್ಲಿ ಕೋಣೆಯ ಗಾಳಿ 85% ಇದ್ದರೆ, ತಿಂಗಳು ಬಿಟ್ಟರೂ ಸೊಪ್ಪು ಆ ಮಟ್ಟಕ್ಕೇ ನಿಲ್ಲುತ್ತದೆ. ಅದು ಬೂಷ್ಟು ಬರುವ ಮಟ್ಟ. ಫ್ಯಾನ್ ಹಾಕಿದರೂ ಬದಲಾಗುವುದಿಲ್ಲ. ಫ್ಯಾನ್ ವೇಗ ಹೆಚ್ಚಿಸುತ್ತದೆ, ಗಡಿಯನ್ನು ಬದಲಿಸುವುದಿಲ್ಲ.

ಗಡಿ ಬದಲಿಸುವುದು ಬಿಸಿ. 20 ಡಿಗ್ರಿಯಲ್ಲಿ 60% ತೇವ ಇರುವ ಗಾಳಿಯನ್ನು 30 ಡಿಗ್ರಿಗೆ ಬಿಸಿ ಮಾಡಿದರೆ ಅದೇ ಗಾಳಿ ಸುಮಾರು 33% ಆಗುತ್ತದೆ. ಒಂದು ಹನಿ ನೀರನ್ನೂ ತೆಗೆಯದೆ! ಆದ್ದರಿಂದ ಮಳೆ ದಿನಗಳಲ್ಲಿ ಸ್ವಲ್ಪ ಬೆಚ್ಚಗಿನ ಜಾಗ ಹುಡುಕಿ, ಅಥವಾ ಬಿಸಿ ಹೊಂದಿಸಲು ಬರುವ ಡ್ರೈಯರ್ ಅನ್ನು 35 ಡಿಗ್ರಿಗೆ ಇಟ್ಟು ಕೊನೆಯ ಹಂತ ಮುಗಿಸಿ. ಹಗಲು ಒಣಗಿ ರಾತ್ರಿ ಮೆತ್ತಗಾಗುವ ಸೊಪ್ಪಿನ ಕಾರಣವೂ ಇದೇ. ರಾತ್ರಿ ತಂಪಾದಾಗ ಗಾಳಿಯ ತೇವದ ಅಂಕಿ ಏರುತ್ತದೆ, ಸೊಪ್ಪು ಅದನ್ನು ಹೀರಿಕೊಳ್ಳುತ್ತದೆ. ಸಂಜೆಗೆ ಮೊದಲೇ ಮುಚ್ಚಿಡಿ, ಬೆಳಿಗ್ಗೆ ಬಿಸಿಲೇರಿದ ಮೇಲೆ ತೆರೆಯಿರಿ.

ತೇವ ಹೀರುವ ಹರಳು ಸಿಲಿಕಾ ಜೆಲ್ ಕೂಡ ಆಗುತ್ತದೆ. ಆದರೆ ಅದನ್ನು ಸೊಪ್ಪಿನ ಜಾಡಿಯಲ್ಲೇ ಮರೆತು ಬಿಟ್ಟರೆ ಅದು ಹದದಲ್ಲಿ ನಿಲ್ಲುವುದಿಲ್ಲ, ಎಳೆಯುತ್ತಲೇ ಇರುತ್ತದೆ. ಮೀಟರ್ 55ಕ್ಕೆ ಬಂದ ಕೂಡಲೇ ಹೊರಗೆ ತೆಗೆಯಿರಿ. ತಿನ್ನುವ, ಕುಡಿಯುವ ಪದಾರ್ಥದ ಹತ್ತಿರ ನೀಲಿ ಬಣ್ಣದ ಜೆಲ್ ಬೇಡ. ಆ ನೀಲಿ ಕೋಬಾಲ್ಟ್ ಕ್ಲೋರೈಡ್‌ನದು, ಅದು ವಿಷ.

ದೋಷ: ಮುಟ್ಟಿದರೆ ಪುಡಿ

ಮೀಟರ್ 30ಕ್ಕಿಂತ ಕೆಳಗಿದೆ, ಎಲೆ ತೆಗೆಯುವಾಗಲೇ ಧೂಳಾಗುತ್ತಿದೆ. ಇಲ್ಲಿ ಎರಡು ಬೇರೆ ಬೇರೆ ನಷ್ಟಗಳಿವೆ. ನೀರು ಹೋಗಿದೆ. ಘಮವೂ ಹೋಗಿರಬಹುದು, ಹೋಗಿಲ್ಲದೆಯೂ ಇರಬಹುದು. ಇವೆರಡನ್ನೂ ಒಂದೇ ಎಂದುಕೊಂಡಾಗಲೇ ತಪ್ಪು ಪರಿಹಾರ ಮಾಡುವುದು.

ಒಂದು ಎಲೆಯನ್ನು ಉಜ್ಜಿ ಮೂಸಿ. ಘಮ ಗಟ್ಟಿಯಾಗಿ ಬಂದರೆ ಸಮಾಧಾನ ಪಟ್ಟುಕೊಳ್ಳಿ. ಕಷಾಯಕ್ಕೋ ಅಡುಗೆಗೋ ಬಳಸುವ ಸೊಪ್ಪಾದರೆ ಹಾಗೇ ಬಿಡುವುದೇ ಒಳ್ಳೆಯದು. ಒಣಗಿದ ಸೊಪ್ಪು ಕೆಡುವುದಿಲ್ಲ. ಇಡಿಯಾಗಿ ಇಡಬೇಕಾದ ಎಲೆ, ಹೂಗಳಿಗೆ ಮಾತ್ರ ಸ್ವಲ್ಪ ತೇವ ಹಿಂತಿರುಗಿಸಬಹುದು.

ಎಷ್ಟು ತೇವ? 100 ಗ್ರಾಂ ಸೊಪ್ಪನ್ನು 5%ನಿಂದ 10%ಗೆ ತರಲು ಬೇಕಾದ ನೀರು ಐದೂವರೆ ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಚೂರು ಜಾಸ್ತಿ. ಅದಕ್ಕೇ ನೇರವಾಗಿ ನೀರು ಚಿಮುಕಿಸಬೇಡಿ. ನೀರು ಬಿದ್ದ ಎಲೆ ಒದ್ದೆಯಾಗುತ್ತದೆ, ಪಕ್ಕದ್ದು ಒಣಗಿಯೇ ಇರುತ್ತದೆ. ಶುದ್ಧ ಹತ್ತಿಯನ್ನು ಒದ್ದೆ ಮಾಡಿ, ಹಿಂಡಿ, ಒಂದು ಪುಟ್ಟ ಬಟ್ಟಲಲ್ಲಿ ಇಟ್ಟು ಜಾಡಿಯೊಳಗೆ ಇಡಿ. ಅದು ಸೊಪ್ಪಿಗೆ ತಾಗಬಾರದು. ಗಂಟೆಗೊಮ್ಮೆ ಅಂಕಿ ನೋಡಿ, 50 ಆದ ಕೂಡಲೇ ತೆಗೆಯಿರಿ. ಮರುದಿನ ಅಂಕಿ ಸ್ವಲ್ಪ ಇಳಿದಿರುತ್ತದೆ. ತೇವ ಎಲೆಯ ಒಳಗೆ ಸೇರಿತು ಎಂದು ಅರ್ಥ. ಬೇಕಿದ್ದರೆ ಇನ್ನೊಮ್ಮೆ ಇಡಿ.

ಕಿತ್ತಳೆ ಸಿಪ್ಪೆ, ಬ್ರೆಡ್ ಚೂರು, ಹಸಿ ಎಲೆ ಹಾಕುವ ಉಪಾಯ ಬಹಳ ಕಡೆ ಕೇಳಿಬರುತ್ತದೆ. ದಯವಿಟ್ಟು ಬೇಡ. ಅವು ತೇವದ ಜೊತೆ ಬೂಷ್ಟಿನ ಬೀಜವನ್ನೂ ತರುತ್ತವೆ. ಸಿಪ್ಪೆಯ ವಾಸನೆ ಸೊಪ್ಪಿನ ಘಮವನ್ನು ನುಂಗುತ್ತದೆ. ತೇವ ಕಡಿಮೆಯಾದರೆ ಕೊಡುವ, ಜಾಸ್ತಿಯಾದರೆ ಎಳೆದುಕೊಳ್ಳುವ ಪೊಟ್ಟಣಗಳು ಸಿಗುತ್ತವೆ. ಅವುಗಳಲ್ಲಿ ಉಪ್ಪಿನ ದ್ರಾವಣ ಇರುತ್ತದೆ, ಮೇಲೆ ಮಾಡಿದ ಉಪ್ಪಿನ ಪರೀಕ್ಷೆಯ ತತ್ವವೇ. ಕೊಳ್ಳುವುದಾದರೆ 60ಕ್ಕಿಂತ ಕಡಿಮೆ ಅಂಕಿಯದ್ದನ್ನು ಆರಿಸಿ. ಆದರೆ ಹಸಿ ಸೊಪ್ಪನ್ನು ಒಣಗಿಸುವ ಕೆಲಸ ಅವುಗಳಿಂದ ಆಗದು.

ದೋಷ: ಘಮ ಹೋಗಿ ಒಣಹುಲ್ಲಿನ ವಾಸನೆ

ಇದನ್ನು ತೇವ ಕೊಟ್ಟು ಸರಿಪಡಿಸಲು ಆಗುವುದಿಲ್ಲ. ಎಲೆ ಮೆತ್ತಗಾದೀತು, ಘಮ ಬರುವುದಿಲ್ಲ. ಕಾರಣ ಹುಡುಕಿ ಮುಂದಿನ ಸಲ ತಪ್ಪಿಸಬಹುದು, ಅಷ್ಟೇ.

ಪುದೀನ, ತುಳಸಿ, ಕಾಮಕಸ್ತೂರಿ, ಮರುಗ, ದೊಡ್ಡಪತ್ರೆ ಎಲ್ಲ ಒಂದೇ ಕುಟುಂಬದವು. ಇವುಗಳ ಘಮದ ಎಣ್ಣೆ ಇರುವುದು ಎಲೆಯ ಮೇಲ್ಮೈಯಲ್ಲಿರುವ ಸಣ್ಣ ಸಣ್ಣ ಗ್ರಂಥಿಗಳಲ್ಲಿ. ಪುದೀನ ಜಾತಿಯ ಘಮದ ಎಣ್ಣೆಯಲ್ಲಿರುವ ಮೆಂಥಾಲ್ ಕುದಿಯುವುದು 212 ಡಿಗ್ರಿಯಲ್ಲಿ, ಹಾಗಾಗಿ 60 ಡಿಗ್ರಿ ಏನೂ ಮಾಡದು ಅಂತ ಅನಿಸಬಹುದು. ಆದರೆ ಹಾರಿಹೋಗಲು ಕುದಿಯಲೇಬೇಕು ಅಂತ ಇಲ್ಲವಲ್ಲ. ಒಗೆದ ಬಟ್ಟೆಯ ನೀರು ಕುದಿಯದೆಯೂ ಆರುತ್ತದೆ. ಬಿಸಿ ಏರಿದಷ್ಟೂ ಎಣ್ಣೆ ಬೇಗ ಹೋಗುತ್ತದೆ. ಘಮದ ಸೊಪ್ಪಿಗೆ 35ರಿಂದ 40 ಡಿಗ್ರಿ ಮೇಲ್ಮಿತಿ. ಮನೆಯ ಓವನ್‌ಗಳ ಅತಿ ಕಡಿಮೆ ಬಿಸಿಯೂ ಹಲವು ಸಲ ಇದರ ಎರಡರಷ್ಟು ಇರುತ್ತದೆ. ಒಣಗಿಸುವಾಗ ಮನೆಯೆಲ್ಲ ಘಮಘಮ ಅಂದರೆ ಖುಷಿ ಪಡಬೇಡಿ. ಆ ಘಮ ಜಾಡಿಯಲ್ಲಿ ಇರಬೇಕಾಗಿತ್ತು.

ಬಿಸಿ ಕೊಟ್ಟಿಲ್ಲ, ಆದರೂ ಘಮ ಇಲ್ಲವೇ? ಹಾಗಾದರೆ ಎಲೆಯನ್ನು ಪುಡಿ ಮಾಡಿ ಇಟ್ಟಿದ್ದೀರಾ ನೋಡಿ. ಪುಡಿಯಾದರೆ ಗ್ರಂಥಿಗಳು ಒಡೆಯುತ್ತವೆ. ಇಡಿ ಎಲೆ ಇಟ್ಟು, ಬಳಸುವಾಗ ಮಾತ್ರ ಪುಡಿ ಮಾಡಿ. ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿದ್ದೀರಾ? ತೆಳು ಪಾಲಿಥಿನ್ ಮೂಲಕ ಘಮ ಹೊರಗೆ ಹೋಗುತ್ತದೆ. ಚೀಲದ ಹೊರಗಿನಿಂದಲೇ ವಾಸನೆ ಬರುತ್ತಿದ್ದರೆ ಉತ್ತರ ಸಿಕ್ಕಿತು. ಗಾಜಿಗೆ ಬದಲಿಸಿ.

ದೋಷ: ಬಣ್ಣ ಕೆಟ್ಟಿದೆ

ಕಪ್ಪಾಗಿದ್ದರೆ ಎಲೆ ಜಜ್ಜಿದೆ, ಇಲ್ಲವೇ ಬಹಳ ನಿಧಾನಕ್ಕೆ ಒಣಗಿದೆ. ಕತ್ತರಿಸಿದ ಸೇಬನ್ನು ಕಂದಾಗಿಸುವ ಕಿಣ್ವವೇ ಇಲ್ಲೂ ಕೆಲಸ ಮಾಡುತ್ತದೆ. ಕಾಮಕಸ್ತೂರಿಯಲ್ಲಿ ಇದು ಜಾಸ್ತಿ. ಕಿತ್ತ ಮೇಲೆ ಫ್ರಿಜ್‌ನಲ್ಲಿ ಇಟ್ಟರೆ ಚಳಿಗೇ ಅದು ಕಪ್ಪಾಗುತ್ತದೆ, 10 ಡಿಗ್ರಿಗಿಂತ ಕೆಳಗೆ ಅದಕ್ಕೆ ತಡೆಯುವುದಿಲ್ಲ. ಮಾಸಲು ಆಲಿವ್ ಬಣ್ಣ ಬಂದರೆ ಬಿಸಿ ಜಾಸ್ತಿಯಾಗಿದೆ. ಬೆಳ್ಳಗೆ, ಹುಲ್ಲಿನ ಬಣ್ಣಕ್ಕೆ ತಿರುಗಿದ್ದರೆ ಬೆಳಕು ಬಿದ್ದಿದೆ. ನೆರಳಲ್ಲಿ ಒಣಗಿಸಿ, ಕತ್ತಲಲ್ಲಿ ಇಡಿ.

ದೋಷ: ಹುಳಿ ವಾಸನೆ, ಅಮೋನಿಯಾ ಘಾಟು, ಬೂಷ್ಟು

ಮುಚ್ಚಳ ತೆಗೆದಾಗ ಮೂಗಿಗೆ ಹುಳಿ ಅಥವಾ ಅಮೋನಿಯಾ ಘಾಟು ಬಡಿದರೆ ಬ್ಯಾಕ್ಟೀರಿಯಾ ಕೆಲಸ ಶುರು ಮಾಡಿದೆ. ಜಾಡಿಗೆ ಹಾಕುವಾಗ ಸೊಪ್ಪು ತುಂಬ ಹಸಿಯಾಗಿತ್ತು, ಮುಚ್ಚಳ ಬಹಳ ಹೊತ್ತು ತೆರೆಯಲಿಲ್ಲ. ಕುಡಿಯುವ, ತಿನ್ನುವ ಸೊಪ್ಪಾದರೆ ಎಸೆಯಿರಿ. ಹರಡಿ ಒಣಗಿಸಿದರೆ ವಾಸನೆ ಹೋದೀತು, ಆದದ್ದು ಹೋಗುವುದಿಲ್ಲ.

ಬೂಷ್ಟು ಬಂದಿದೆಯೇ ಅಂತ ಅನುಮಾನ ಇದ್ದರೆ ಮೂಗು ಹತ್ತಿರ ತರಬೇಡಿ. ಬೆಳಕಿನಲ್ಲಿ ಹಿಡಿದು, ಸಾಧ್ಯವಾದರೆ ಭೂತಗನ್ನಡಿಯಲ್ಲಿ ನೋಡಿ. ಎಲೆಯ ರೋಮ ನೇರವಾಗಿ, ಸಾಲಾಗಿ ನಿಂತಿರುತ್ತದೆ. ಬೂಷ್ಟಿನ ಎಳೆಗಳು ಜೇಡರ ಬಲೆಯಂತೆ ಅಡ್ಡಾದಿಡ್ಡಿ ಹಬ್ಬಿರುತ್ತವೆ, ಒಂದು ಎಲೆಯನ್ನು ಇನ್ನೊಂದಕ್ಕೆ ಅಂಟಿಸಿರುತ್ತವೆ. ಬೂಷ್ಟು ಕಂಡರೆ ಆ ಎಲೆ ಮಾತ್ರವಲ್ಲ, ಇಡೀ ಜಾಡಿ ಹೊರಗೆ. ಕೆಲವು ಬೂಷ್ಟುಗಳ ವಿಷ ಒಣಗಿಸಿದರೂ ಕುದಿಸಿದರೂ ಹೋಗದು.

ಕೆಟ್ಟ ಒಣಸೊಪ್ಪು ಏನು ಮಾಡಬಲ್ಲದು ಅನ್ನುವುದಕ್ಕೆ ಒಂದು ನಿಜ ಸಂಗತಿ ಇದೆ. 1920ರ ದಶಕದಲ್ಲಿ ಅಮೆರಿಕ, ಕೆನಡಾಗಳಲ್ಲಿ ದನಗಳು ರಕ್ತಸ್ರಾವದಿಂದ ಸಾಯತೊಡಗಿದವು. ಸ್ವೀಟ್ ಕ್ಲೋವರ್ ಅನ್ನುವ ಮೇವು ಸರಿಯಾಗಿ ಒಣಗದೆ ಬೂಷ್ಟು ಹಿಡಿದದ್ದೇ ಕಾರಣ. ಆ ಗಿಡದಲ್ಲಿ ಸಹಜವಾಗಿ ಇರುವ ಕೂಮರಿನ್ ಅನ್ನು ಬೂಷ್ಟು, ರಕ್ತ ಹೆಪ್ಪುಗಟ್ಟದಂತೆ ಮಾಡುವ ಡೈಕೂಮರಾಲ್ ಆಗಿ ಬದಲಿಸಿತ್ತು. ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್ ಔಷಧಿ ಹುಟ್ಟಿದ್ದು ಇದರ ಬೆನ್ನು ಹತ್ತಿಯೇ. ಒಳ್ಳೆಯ ಗಿಡ, ಒಳ್ಳೆಯ ಮೇವು. ತಪ್ಪಿದ್ದು ಒಣಗಿಸುವ ಹದ ಮಾತ್ರ.

ಜಾಡಿಯನ್ನು ಬಿಸಿನೀರು, ಸೋಪು ಹಾಕಿ ತೊಳೆದು ಪೂರ್ತಿ ಒಣಗಿಸಿ. ಮುಚ್ಚಳದ ರಬ್ಬರ್ ಬದಲಿಸಿ, ಅದರ ಸಂದಿಯಲ್ಲಿ ಬೂಷ್ಟು ಉಳಿದುಕೊಳ್ಳುತ್ತದೆ.

ಹದಕ್ಕೆ ಬಿಟ್ಟ ದಿನಗಳಲ್ಲಿ ಏನು ನೋಡಬೇಕು

ಮೊದಲ ವಾರ ದಿನಾ ಒಮ್ಮೆ ಜಾಡಿಯನ್ನು ಮೆಲ್ಲಗೆ ಅಲುಗಾಡಿಸಿ. ಎಲೆಗಳು ಬಿಡಿಬಿಡಿಯಾಗಿ ಜಾರಬೇಕು. ಒಂದಕ್ಕೊಂದು ಅಂಟಿ ಮುದ್ದೆಯಾಗಿ ಚಲಿಸಿದರೆ ತೇವ ಜಾಸ್ತಿ. ಗಾಜಿನ ಒಳಗೆ ಮಂಜು ಕಟ್ಟಿದರೆ ಇನ್ನೂ ಜಾಸ್ತಿ. ಅಂಕಿ 58ಕ್ಕಿಂತ ಕೆಳಗೆ ಇದ್ದರೆ ಸುಮ್ನೆ ಮುಚ್ಚಳ ತೆರೆಯಬೇಡಿ. ತೆರೆದಾಗಲೆಲ್ಲ ಘಮ ಸ್ವಲ್ಪ ಹೋಗುತ್ತದೆ, ಕೋಣೆಯ ತೇವ ಒಳಗೆ ಬರುತ್ತದೆ. ಒಂದು ವಾರ ಅಂಕಿ ಅಲುಗಾಡದೆ ನಿಂತರೆ ಹದ ಕೂತಿದೆ. ಮೀಟರ್ ತೆಗೆದು ಮುಂದಿನ ಜಾಡಿಗೆ ಹಾಕಬಹುದು.

ಇನ್ನೊಂದು ದೋಷಕ್ಕೂ ತೇವಕ್ಕೂ ಸಂಬಂಧ ಇಲ್ಲ. ತಿಂಗಳುಗಳ ನಂತರ ಜಾಡಿಯ ತಳದಲ್ಲಿ ನುಣ್ಣನೆ ಪುಡಿ, ಎಲೆಗಳಲ್ಲಿ ಸೂಜಿ ತೂತು, ಕಂದು ಬಣ್ಣದ ಪುಟ್ಟ ಜೀರುಂಡೆ. ಒಣಸೊಪ್ಪನ್ನೇ ತಿಂದು ಬದುಕುವ ಹುಳು ಅದು. ಹದ ಸರಿ ಇದ್ದರೂ ಬರುತ್ತದೆ. ಹುಳು ಕಂಡ ಜಾಡಿ ಎಸೆಯಿರಿ. ಪಕ್ಕದ ಜಾಡಿಗಳನ್ನು ಬಿಗಿಯಾಗಿ ಮುಚ್ಚಿ, ಮೈನಸ್ 18 ಡಿಗ್ರಿ ಫ್ರೀಜರ್‌ನಲ್ಲಿ ಒಂದು ವಾರ ಇಡಿ. ಹೊರಗೆ ತೆಗೆದ ಕೂಡಲೇ ತೆರೆಯಬೇಡಿ. ತಣ್ಣಗಿನ ಸೊಪ್ಪಿನ ಮೇಲೆ ಕೋಣೆಯ ಗಾಳಿಯ ನೀರು ಹನಿಗಟ್ಟಿ, ಇಷ್ಟು ಕಷ್ಟಪಟ್ಟು ತಂದ ಹದ ಒಂದೇ ಗಳಿಗೆಯಲ್ಲಿ ಕೆಡುತ್ತದೆ. ಜಾಡಿ ಕೋಣೆಯ ಬಿಸಿಗೆ ಬರಲು ಅರ್ಧ ದಿನ ಕೊಡಿ, ಆಮೇಲೆ ತೆರೆದು ಮೀಟರ್ ಹಾಕಿ ಇನ್ನೊಮ್ಮೆ ನೋಡಿ.